ಪಿಎ ಸ್ಕೂಲಿಗೆ ಅರ್ಜಿ: ಕಾಸ್ಪಾ ಫಾರ್ಮಿನಿಂದ ಇಂಟರ್‌ವ್ಯೂ ಕೋಣೆಯವರೆಗೆ

ಅಮೆರಿಕದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ವೈದ್ಯರ ಜೊತೆಗೂಡಿ ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವವರು, ಆಗಬೇಕು ಅನ್ನುವವರಲ್ಲಿ ಹೆಚ್ಚಿನವರು ಅರ್ಜಿಯೇ ಬೇರೆ, ಇಂಟರ್‌ವ್ಯೂವೇ ಬೇರೆ ಅಂದುಕೊಂಡಿರುತ್ತಾರೆ. ಮೊದಲು ಫಾರ್ಮ್ ತುಂಬಿ ಕಳಿಸೋಣ, ಕರೆ ಬಂದರೆ ಆಮೇಲೆ ತಯಾರಾಗೋಣ ಎಂಬ ಲೆಕ್ಕ. ಆದರೆ ಫಾರ್ಮಿನಲ್ಲಿ ಬರೆದ ಒಂದೊಂದು ಸಾಲೂ ಇಂಟರ್‌ವ್ಯೂನಲ್ಲಿ ಪ್ರಶ್ನೆಯಾಗಿ ಎದುರು ಬರಬಹುದು. ಐದು ನಿಮಿಷ ಬಿಡಿಸಿ ಹೇಳಲಾಗದ ಯಾವ ಅನುಭವವನ್ನೂ ಅರ್ಜಿಯಲ್ಲಿ ಹಾಕಬೇಡಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಈ ಕೋರ್ಸ್ ಶುರುವಾಗಿದ್ದು 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಡಾ. ಯೂಜೀನ್ ಸ್ಟೆಡ್ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದಿದ್ದ ನಾಲ್ವರನ್ನು ಮೊದಲ ತಂಡಕ್ಕೆ ಆರಿಸಿಕೊಂಡರು. ರೋಗಿಗಳನ್ನು ಮುಟ್ಟಿ ಕೆಲಸ ಮಾಡಿದವರೇ ಬೇಕು ಎಂಬ ಆ ಆಯ್ಕೆಯ ಗುಣ ಇವತ್ತಿಗೂ ಉಳಿದಿದೆ. ಈಗ ಇದು ಸ್ನಾತಕೋತ್ತರ ಪದವಿ. ಹೆಚ್ಚಿನ ಕಡೆ ಎರಡು ವರ್ಷದಿಂದ ಎರಡೂವರೆ ವರ್ಷ, ಅದರಲ್ಲಿ ಸುಮಾರು ಒಂದು ವರ್ಷ ತರಗತಿ, ಉಳಿದದ್ದು ಆಸ್ಪತ್ರೆಗಳಲ್ಲಿ ರೊಟೇಶನ್, ಅಂದರೆ ಒಂದೊಂದು ವಿಭಾಗದಲ್ಲಿ ಸರದಿಯಂತೆ ತರಬೇತಿ. ತರಗತಿಯ ವರ್ಷ ಎಷ್ಟು ಬಿಗಿಯೆಂದರೆ ಆ ಅವಧಿಯಲ್ಲಿ ಕೆಲಸಕ್ಕೆ ಹೋಗಲೇಬಾರದು ಎಂದು ಅನೇಕ ಕಾಲೇಜುಗಳು ನಿಯಮ ಮಾಡಿವೆ. ಆಯ್ಕೆ ಸಮಿತಿಯ ತಲೆಯಲ್ಲಿರುವ ಪ್ರಶ್ನೆಗಳು ಇಷ್ಟೇ: ಈ ವ್ಯಕ್ತಿ ಆ ಓದನ್ನು ತಾಳಿಕೊಳ್ಳುತ್ತಾರಾ, ಈ ಕೆಲಸ ಏನೆಂದು ಇವರಿಗೆ ನಿಜವಾಗಿ ಗೊತ್ತಾ?

ಹೆಚ್ಚುಕಡಿಮೆ ಎಲ್ಲ ಕಾಲೇಜುಗಳಿಗೂ ಅರ್ಜಿ ಹೋಗುವುದು ಕಾಸ್ಪಾ ಎಂಬ ಒಂದೇ ಪೋರ್ಟಲ್ ಮೂಲಕ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಹೊಸ ಸುತ್ತು ತೆರೆಯುತ್ತದೆ. ಕೊನೆಯ ದಿನಾಂಕ ನೋಡುವಾಗ ಅದು ಯಾವ ಬಗೆಯದ್ದು ಎಂದು ಓದಿ. ಕೆಲವು ಕಾಲೇಜುಗಳಿಗೆ ಆ ದಿನದೊಳಗೆ ನೀವು ಸಬ್ಮಿಟ್ ಒತ್ತಿದ್ದರೆ ಸಾಕು. ಕೆಲವರಿಗೆ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಧಿಕೃತ ಅಂಕಪಟ್ಟಿ), ಶಿಫಾರಸು ಪತ್ರ ಎಲ್ಲ ಸೇರಿ ಅರ್ಜಿ ಪೂರ್ತಿಯಾಗಿರಬೇಕು. ಇನ್ನು ಕೆಲವರಿಗೆ ಕಾಸ್ಪಾ ಪರಿಶೀಲನೆಯೂ ಮುಗಿದಿರಬೇಕು. ಈ ಮೂರರ ನಡುವೆ ವಾರಗಟ್ಟಲೆ ಅಂತರವಿದೆ. ಸೆಪ್ಟೆಂಬರ್ 1 ಎಂದು ನೋಡಿ ಆಗಸ್ಟ್ 31ಕ್ಕೆ ಕಳಿಸಿದವರ ಅರ್ಜಿ ಮೂರನೆಯ ಬಗೆಯ ಕಾಲೇಜಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಕಟ್ಟಿದ ಶುಲ್ಕವೂ ವಾಪಸ್ ಬರುವುದಿಲ್ಲ. ಅದರ ಮೇಲೆ ಬಹಳ ಕಾಲೇಜುಗಳು ಅರ್ಜಿ ಬಂದಂತೆಲ್ಲ ಓದಿ, ಸೀಟು ತುಂಬಿಸುತ್ತ ಹೋಗುತ್ತವೆ. ಅಂಥ ಕಡೆ ಜೂನ್‌ನಲ್ಲಿ ಕಳಿಸಿದ ಸಾಧಾರಣ ಅರ್ಜಿಗೆ ಸಿಗುವ ಅವಕಾಶ ಸೆಪ್ಟೆಂಬರ್‌ನಲ್ಲಿ ಕಳಿಸಿದ ಒಳ್ಳೆಯ ಅರ್ಜಿಗೆ ಸಿಗದೆ ಹೋಗಬಹುದು. ಹಾಗೆಂದು ಮೊದಲ ವಾರದಲ್ಲೇ ಅರೆಬೆಂದ ಪ್ರಬಂಧ ಕಳಿಸಬೇಕಿಲ್ಲ. ಮೇ ತಿಂಗಳಿಡೀ ಕೆಲಸ ಮಾಡಿ ಜೂನ್‌ನಲ್ಲಿ ಕಳಿಸುವುದು ಹೆಚ್ಚಿನವರಿಗೆ ಹೊಂದುತ್ತದೆ.

ಅಂಕಗಳ ವಿಷಯದಲ್ಲಿ ಮೋಸಹೋಗುವವರು ತುಂಬ. ಕಾಸ್ಪಾ ನಿಮ್ಮ ಕಾಲೇಜು ಕೊಟ್ಟ ಜಿಪಿಎ (4.0ಕ್ಕೆ ಲೆಕ್ಕ ಹಾಕಿದ ಅಂಕಗಳ ಸರಾಸರಿ) ತೆಗೆದುಕೊಳ್ಳುವುದಿಲ್ಲ, ತಾನೇ ಲೆಕ್ಕ ಹಾಕುತ್ತದೆ. ಒಂದು ವಿಷಯವನ್ನು ಮತ್ತೆ ತೆಗೆದುಕೊಂಡು ಪಾಸಾದರೆ ಹಳೆಯ ಅಂಕವನ್ನು ಅಳಿಸುವ ಕಾಲೇಜುಗಳಿವೆ. ಕಾಸ್ಪಾ ಎರಡನ್ನೂ ಹಿಡಿಯುತ್ತದೆ. ನಾಲ್ಕು ಕ್ರೆಡಿಟ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮೊದಲು ಸಿ (2.0), ಆಮೇಲೆ ಎ (4.0) ಬಂದಿದ್ದರೆ ನಿಮ್ಮ ಕಾಲೇಜಿನಲ್ಲಿ ಅದು 4.0. ಕಾಸ್ಪಾದಲ್ಲಿ ಎಂಟು ಕ್ರೆಡಿಟ್‌ಗೆ ಸರಾಸರಿ 3.0. ಕ್ವಾರ್ಟರ್ ಪದ್ಧತಿಯ ಕ್ರೆಡಿಟ್‌ಗಳು ಸೆಮಿಸ್ಟರ್ ಲೆಕ್ಕಕ್ಕೆ ಬಂದಾಗ ಮೂರನೇ ಎರಡು ಭಾಗಕ್ಕೆ ಇಳಿಯುತ್ತವೆ. ಎ ಪ್ಲಸ್‌ಗೆ ಹೆಚ್ಚಿನ ಅಂಕವಿಲ್ಲ, ಅದೂ 4.0. ಕನಿಷ್ಠ 3.0 ಕೇಳುವ ಕಾಲೇಜಿಗೆ 3.05 ಎಂದು ಧೈರ್ಯವಾಗಿ ಅರ್ಜಿ ಹಾಕಿದವರು ಕಾಸ್ಪಾ ಲೆಕ್ಕದಲ್ಲಿ 2.9 ಆಗಿಬಿಟ್ಟರೆ ಗಣಕವೇ ಅವರನ್ನು ಬದಿಗೆ ತಳ್ಳಬಹುದು. ಆದ್ದರಿಂದ ಒಂದು ಹಾಳೆಯಲ್ಲಿ ನೀವೇ ಮೊದಲು ಲೆಕ್ಕ ಹಾಕಿ. ವಿಜ್ಞಾನ ವಿಷಯಗಳದ್ದು ಬೇರೆ, ಒಟ್ಟಾರೆಯದ್ದು ಬೇರೆ.

ಓದಿದ ಪ್ರತಿ ಅಮೆರಿಕನ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇಕು, ಒಂದೇ ಒಂದು ಬೇಸಿಗೆ ಕೋರ್ಸ್ ಮಾಡಿದ ಕಮ್ಯುನಿಟಿ ಕಾಲೇಜಿನದ್ದೂ ಸೇರಿ. ಕೋರ್ಸ್‌ಗಳನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುವ ಹಾಗೆಯೇ, ಅದೇ ಕ್ರಮದಲ್ಲಿ, ಮಧ್ಯದಲ್ಲೇ ಕೈಬಿಟ್ಟ ಕೋರ್ಸ್‌ಗಳನ್ನೂ ಸೇರಿಸಿ ತುಂಬಬೇಕು. ಸಾಕಷ್ಟು ತಪ್ಪಿದ್ದರೆ ಅರ್ಜಿ ತಿದ್ದುಪಡಿಗೆಂದು ವಾಪಸ್ ಬರುತ್ತದೆ, ಪರಿಶೀಲನೆಯ ಸಾಲಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ.

ಭಾರತದಲ್ಲಿ ಬಿಎಸ್ಸಿ, ಬಿಡಿಎಸ್, ಫಿಸಿಯೋಥೆರಪಿ ಅಥವಾ ಎಂಬಿಬಿಎಸ್ ಓದಿ ಅಲ್ಲಿಗೆ ಹೋಗಿರುವವರಿಗೆ ಇನ್ನೊಂದು ಸುತ್ತಿದೆ. ವಿದೇಶದ ಅಂಕಗಳು ಕಾಸ್ಪಾ ಜಿಪಿಎಗೆ ಸೇರುವುದಿಲ್ಲ. ವಿದೇಶದ ಓದನ್ನು ಅಮೆರಿಕದ ಲೆಕ್ಕಕ್ಕೆ ಅಳೆದು ಹೇಳುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಕೋರ್ಸ್ ಕೋರ್ಸ್‌ಗೂ ಮೌಲ್ಯಮಾಪನ ಮಾಡಿಸಬೇಕು. ಅದು ಆದ ಮೇಲೂ ಪ್ರಿರಿಕ್ವಿಸಿಟ್ (ಸೇರುವ ಮೊದಲೇ ಓದಿರಬೇಕಾದ) ವಿಷಯಗಳನ್ನು ಅಮೆರಿಕದಲ್ಲೇ ಓದಿರಬೇಕು ಎನ್ನುವ ಕಾಲೇಜುಗಳು ಬಹಳ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಸಾಮಾನ್ಯ ಪಟ್ಟಿ. ಕೆಲವೆಡೆ ಐದು, ಏಳು ಅಥವಾ ಹತ್ತು ವರ್ಷಕ್ಕಿಂತ ಹಳೆಯ ಕೋರ್ಸ್ ನಡೆಯುವುದಿಲ್ಲ. ವೀಸಾ ಮೇಲಿರುವವರನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಕಾಲೇಜು ಆರಿಸುವಾಗ ಪಿಎ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎಆರ್‌ಸಿ-ಪಿಎ ಸಂಸ್ಥೆಯ ಮಾನ್ಯತೆ ಯಾವ ಸ್ಥಿತಿಯಲ್ಲಿದೆ ಎಂದು ನೋಡಲೇಬೇಕು. ಮಾನ್ಯತೆ ಇಲ್ಲದ ಕಡೆ ಓದಿದರೆ ಪಿಎಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಪ್ಯಾನ್ಸ್‌ಗೆ ಕೂರಲಾಗದು, ಅದಿಲ್ಲದೆ ಲೈಸೆನ್ಸ್ ಇಲ್ಲ. ಹೊಸ ಕಾಲೇಜಿಗೆ ತಾತ್ಕಾಲಿಕ ಮಾನ್ಯತೆ ಇರುವುದು ಸಹಜ. ಪ್ರೊಬೇಶನ್‌ನಲ್ಲಿದ್ದರೆ (ಕೊರತೆ ಕಂಡು ಎಚ್ಚರಿಕೆಯಲ್ಲಿಟ್ಟಿದ್ದರೆ) ಕಾರಣ ಏನೆಂದು ಓದಿ ತೀರ್ಮಾನಿಸಿ. ಪ್ಯಾನ್ಸ್ ಫಲಿತಾಂಶ, ಎಷ್ಟು ಮಂದಿ ಮಧ್ಯದಲ್ಲೇ ಬಿಟ್ಟರು ಎಂಬ ಲೆಕ್ಕ ಎರಡನ್ನೂ ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ಎರಡನೆಯದನ್ನು ಯಾರೂ ನೋಡುವುದಿಲ್ಲ, ನನ್ನ ಮಟ್ಟಿಗೆ ಅದೇ ಹೆಚ್ಚು ಮಾತಾಡುತ್ತದೆ. ಕೆಲವು ಕಾಲೇಜುಗಳವರು ಜಿಆರ್‌ಇ (ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆ), ಕೆಲವರು ಪಿಎ-ಕ್ಯಾಟ್ (ಪಿಎ ಪ್ರವೇಶಕ್ಕೆಂದೇ ಇರುವ ವಿಜ್ಞಾನ ಪರೀಕ್ಷೆ), ಕೆಲವರು ಕ್ಯಾಸ್ಪರ್ (ಸಂದರ್ಭ ಕೊಟ್ಟು ನಡವಳಿಕೆ ಅಳೆಯುವ) ಪರೀಕ್ಷೆ ಕೇಳುತ್ತಾರೆ, ಏನೂ ಕೇಳದವರೂ ಇದ್ದಾರೆ.

ಇನ್ನು ಕೆಲಸದ ಅನುಭವದ ಗಂಟೆಗಳ ಲೆಕ್ಕ. ರೋಗಿಯ ಆರೈಕೆಯಲ್ಲಿ ನೇರ ಹೊಣೆ ಇದ್ದ ಕೆಲಸ ಒಂದು ಬಗೆ. ಆಸ್ಪತ್ರೆಯಲ್ಲೇ ಇದ್ದರೂ ಫೋನ್, ಫೈಲು, ಸಾಮಾನು ಸಾಗಣೆಯಂಥ ಕೆಲಸ ಇನ್ನೊಂದು ಬಗೆ. ಸಿಎನ್‌ಎ (ನರ್ಸಿಂಗ್ ಸಹಾಯಕ), ಇಎಂಟಿ (ತುರ್ತು ಚಿಕಿತ್ಸಾ ಸಿಬ್ಬಂದಿ), ಮೆಡಿಕಲ್ ಅಸಿಸ್ಟೆಂಟ್, ಫ್ಲೆಬಾಟಮಿ (ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ) ಮೊದಲನೆಯದಕ್ಕೆ ಸೇರುತ್ತವೆ. ವೈದ್ಯರ ಪಕ್ಕದಲ್ಲಿದ್ದು ರೋಗಿಯ ದಾಖಲೆ ಬರೆಯುವ ಸ್ಕ್ರೈಬ್ ಕೆಲಸವನ್ನು ಒಂದು ಕಾಲೇಜು ಒಪ್ಪಿದರೆ ಇನ್ನೊಂದು ಒಪ್ಪುವುದಿಲ್ಲ. 500 ಗಂಟೆ ಸಾಕು ಎನ್ನುವವರಿಂದ 2000 ಕೇಳುವವರವರೆಗೂ ಇದ್ದಾರೆ. ವಾರಕ್ಕೆ 36 ಗಂಟೆಯಂತೆ 50 ವಾರ ದುಡಿದರೆ 1800 ಆಗುತ್ತದೆ. ಅರೆಕಾಲಿಕ ಕೆಲಸದಲ್ಲಿ ಇಷ್ಟಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಒಂದೇ ಗಂಟೆಯನ್ನು ಎರಡು ವಿಭಾಗದಲ್ಲಿ ತೋರಿಸಬಾರದು. ಒಂದೇ ಉದ್ಯೋಗದಲ್ಲಿ ಎರಡೂ ಬಗೆಯ ಕೆಲಸ ಇದ್ದರೆ ಪಾಲು ಮಾಡಿ ಬರೆಯಿರಿ.

ಪ್ರತಿ ಅನುಭವದ ವಿವರಣೆಗೆ 600 ಅಕ್ಷರಗಳ ಮಿತಿ ಇದೆ. ಇಲ್ಲೇ ಬಹಳ ಜನ ಜಾಗ ಪೋಲು ಮಾಡುತ್ತಾರೆ. ‘ಅನುಕಂಪದಿಂದ ಗುಣಮಟ್ಟದ ಆರೈಕೆ ನೀಡಿದೆ, ತಂಡದೊಂದಿಗೆ ದುಡಿದೆ’ ಎಂದು ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ‘30 ಹಾಸಿಗೆಯ ಹೃದ್ರೋಗ ವಾರ್ಡು, ರಾತ್ರಿ ಪಾಳಿ, ಒಮ್ಮೆಗೆ 10 ರೋಗಿಗಳು, ನಾಲ್ಕು ಗಂಟೆಗೊಮ್ಮೆ ಬಿಪಿ, ನಾಡಿ, ಆಮ್ಲಜನಕ ಮಟ್ಟ ದಾಖಲಿಸುವುದು, ಇಸಿಜಿ ತೆಗೆಯುವುದು, ಶಸ್ತ್ರಚಿಕಿತ್ಸೆಯಾದವರನ್ನು ಎಬ್ಬಿಸಿ ನಡೆಸುವುದು, ಏರುಪೇರು ಕಂಡರೆ ನರ್ಸ್‌ಗೆ ತಿಳಿಸುವುದು’ ಎಂದರೆ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಸಲ್ಲಿಸಿದ ಮೇಲೆ ಹೊಸ ಅನುಭವ ಸೇರಿಸಬಹುದು, ಹಳೆಯದನ್ನು ತಿದ್ದಲಾಗದು.

ಪ್ರಬಂಧಕ್ಕೆ 5000 ಅಕ್ಷರ, ಖಾಲಿ ಜಾಗವೂ ಸೇರಿ. ಎಲ್ಲ ಕಾಲೇಜಿಗೂ ಒಂದೇ ಪ್ರತಿ ಹೋಗುವುದರಿಂದ ಯಾವ ಕಾಲೇಜಿನ ಹೆಸರೂ ಅದರಲ್ಲಿ ಇರಬಾರದು. ವೈದ್ಯ ಆಗಬಹುದಿತ್ತು, ನರ್ಸ್ ಆಗಬಹುದಿತ್ತು, ಪಿಎ ಏಕೆ ಎಂಬುದಕ್ಕೆ ಉತ್ತರ ಅದರಲ್ಲಿ ಸಿಗಬೇಕು. ಅಜ್ಜಿಯ ಕಾಯಿಲೆ ನೋಡಿ ಮನಸ್ಸು ಕರಗಿತು ಎಂಬುದು ವೈದ್ಯಕೀಯಕ್ಕೆ ಬರಲು ಕಾರಣವಾಗಬಹುದು, ಪಿಎ ಆಗಲು ಅಲ್ಲ. ಒಬ್ಬ ಪಿಎ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಈ ಭಾಗ ತಾನಾಗಿ ಬರುತ್ತದೆ, ಆದ್ದರಿಂದ ಶ್ಯಾಡೋಯಿಂಗ್ ಎನ್ನುವ ಈ ನೋಡುವಿಕೆಯನ್ನು ಬಿಡಬೇಡಿ. ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ಅದರಲ್ಲಿ ಒಂದಾದರೂ ಪಿಎ ಅಥವಾ ವೈದ್ಯರದ್ದಾಗಿದ್ದರೆ ಒಳ್ಳೆಯದು. ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಲ್ವಿಚಾರಕರ ಪತ್ರ, ಹೆಸರು ಮಾತ್ರ ಗೊತ್ತಿರುವ ದೊಡ್ಡ ಡಾಕ್ಟರ ಪತ್ರಕ್ಕಿಂತ ಮೇಲು. ಎರಡು ತಿಂಗಳು ಮುಂಚೆ ಕೇಳಿ, ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡಿ. ಬಿಟ್ಟುಕೊಡದ ಪತ್ರಕ್ಕೆ ಸಮಿತಿ ಅಷ್ಟು ಬೆಲೆ ಕೊಡುವುದಿಲ್ಲ.

ಕರೆ ಬಂದ ದಿನವೇ ಸಲ್ಲಿಸಿದ ಅರ್ಜಿಯನ್ನು ಪಿಡಿಎಫ್ ತೆಗೆದು ಓದಿ, ಒಂದೊಂದು ಅನುಭವಕ್ಕೂ ಒಬ್ಬೊಬ್ಬ ರೋಗಿಯ ಪ್ರಸಂಗ ಜೋಡಿಸಿಕೊಳ್ಳಿ, ಗುರುತು ಬಿಟ್ಟುಕೊಡದೆ. ಇಂಟರ್‌ವ್ಯೂ ಒಬ್ಬರೊಡನೆ ಇರಬಹುದು, ಮೂವರ ಸಮಿತಿಯೊಡನೆ ಇರಬಹುದು, ಗುಂಪಿನಲ್ಲಿ ಇರಬಹುದು. ಗುಂಪಿನಲ್ಲಿ ಹೆಚ್ಚು ಮಾತಾಡಿದವರು ಗೆಲ್ಲುವುದಿಲ್ಲ. ಮಾತು ಸಿಗದೆ ಕುಳಿತವರನ್ನು ಹೆಸರು ಹಿಡಿದು ಒಳಗೆ ಕರೆದವರು ಸಮಿತಿಯ ಕಣ್ಣಿಗೆ ಬೀಳುತ್ತಾರೆ.

ಎಂಎಂಐ (ಒಂದೊಂದು ಕೋಣೆಯಲ್ಲಿ ಒಂದೊಂದು ಚಿಕ್ಕ ಇಂಟರ್‌ವ್ಯೂ) ಎಂಬ ಪದ್ಧತಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಬಂದದ್ದು. ಬಾಗಿಲ ಮೇಲಿನ ಪ್ರಶ್ನೆ ಓದಲು ಎರಡು ನಿಮಿಷ, ಒಳಗೆ ಐದರಿಂದ ಎಂಟು ನಿಮಿಷ ಮಾತು, ಗಂಟೆ ಹೊಡೆದರೆ ಮುಂದಿನ ಕೋಣೆ. ಪ್ರಶ್ನೆ ಹೀಗಿರಬಹುದು: ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮುಂಚೆ ನಿಮ್ಮ ಮೇಲಿನ ವೈದ್ಯರ ಬಾಯಿಂದ ಮದ್ಯದ ವಾಸನೆ ಬರುತ್ತಿದೆ, ಏನು ಮಾಡುತ್ತೀರಿ? ‘ದೂರು ಕೊಡುತ್ತೇನೆ’ ಎಂದು ಅರ್ಧ ನಿಮಿಷದಲ್ಲಿ ಮುಗಿಸಿದವರು ಉಳಿದ ಹೊತ್ತು ತಡವರಿಸುತ್ತಾರೆ. ಮೊದಲು ರೋಗಿ: ಆ ಕೈ ಈಗ ರೋಗಿಯನ್ನು ಮುಟ್ಟಬಾರದು, ಶಸ್ತ್ರಚಿಕಿತ್ಸೆ ನಿಲ್ಲಬೇಕು. ಆಮೇಲೆ ವೈದ್ಯರನ್ನು ಪಕ್ಕಕ್ಕೆ ಕರೆದು ಕಂಡದ್ದನ್ನು ಹೇಳುವುದು, ಕುಡುಕರೆಂದು ತೀರ್ಪು ಕೊಡದೆ, ಏಕೆಂದರೆ ವಾಸನೆಗೆ ಬೇರೆ ಕಾರಣವೂ ಇರಬಹುದು. ಅವರು ಒಪ್ಪದಿದ್ದರೆ ಆಸ್ಪತ್ರೆಯ ಕ್ರಮದಂತೆ ಮೇಲಿನವರಿಗೆ ತಕ್ಷಣ ತಿಳಿಸುವುದು. ರೋಗಿಗೆ ಬದಲಿ ವೈದ್ಯರ ವ್ಯವಸ್ಥೆ ಆಯಿತೇ ಎಂದು ನೋಡುವುದು. ಆ ವೈದ್ಯರಿಗೂ ನೆರವು ಬೇಕಿರಬಹುದು ಎನ್ನುವುದು. ಈ ಕ್ರಮದಲ್ಲಿ ಜೋರಾಗಿ ಯೋಚಿಸಿದರೆ ಸಾಕು, ಅವರು ಅಂಕ ಕೊಡುವುದು ಯೋಚನೆಯ ದಾರಿಗೆ.

‘ಎನ್‌ಪಿ (ನರ್ಸ್ ಪ್ರ್ಯಾಕ್ಟಿಷನರ್) ಏಕೆ ಬೇಡ?’ ಎಂಬ ಪ್ರಶ್ನೆಗೆ ನರ್ಸ್‌ಗಳನ್ನು ಕೆಳಗಿಳಿಸಿ ಉತ್ತರಿಸಿದರೆ ಅಲ್ಲಿಗೇ ಮುಗಿಯಿತು. ಸಮಿತಿಯವರು ದಿನವೂ ಅವರೊಂದಿಗೆ ದುಡಿಯುವವರು. ಎನ್‌ಪಿಗಳು ನರ್ಸಿಂಗ್ ಹಿನ್ನೆಲೆಯಿಂದ ಬಂದು ಕುಟುಂಬ, ಮಕ್ಕಳು, ಮಾನಸಿಕ ಆರೋಗ್ಯ ಎಂದು ಒಂದು ವಿಭಾಗ ಹಿಡಿದು ಓದುತ್ತಾರೆ. ಪಿಎಗಳು ವೈದ್ಯಕೀಯ ಮಾದರಿಯಲ್ಲಿ ಎಲ್ಲ ವಿಭಾಗವನ್ನೂ ಕಲಿತು, ಮುಂದೆ ಕ್ಷೇತ್ರ ಬದಲಿಸಬಹುದು. ವೈದ್ಯರೊಂದಿಗಿನ ಸಹಯೋಗದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನೀವು ಅರ್ಜಿ ಹಾಕಿದ ರಾಜ್ಯದ್ದು ಗೊತ್ತಿರಲಿ. ವಿದೇಶದ ವೈದ್ಯ ಪದವಿ ಇದ್ದವರಿಗೆ ‘ರೆಸಿಡೆನ್ಸಿಗೆ (ಅಮೆರಿಕದಲ್ಲಿ ವೈದ್ಯರಾಗಲು ಬೇಕಾದ ಆಸ್ಪತ್ರೆ ತರಬೇತಿಗೆ) ಯಾಕೆ ಹೋಗಲಿಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಸಿಗಲಿಲ್ಲ ಅಂತ ಇದಕ್ಕೆ ಬಂದೆ ಎಂಬ ಧ್ವನಿ ಕೇಳಿಸಿದರೆ ಸೀಟು ಸಿಗುವುದು ಕಷ್ಟ. ಕಡಿಮೆ ಅಂಕದ ಬಗ್ಗೆ ಕೇಳಿದರೆ ಕಾರಣ ಒಂದು ವಾಕ್ಯ, ಆಮೇಲೆ ಬದಲಾಯಿಸಿಕೊಂಡದ್ದು ಏನು, ಅದು ಯಾವ ಕೋರ್ಸಿನಲ್ಲಿ ಕಾಣುತ್ತದೆ, ಇಷ್ಟೇ.

ಆನ್‌ಲೈನ್ ಆದರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ, ಬೆಳಕು ಮುಖದ ಎದುರಿಗೆ. ಬರೆದಿಟ್ಟದ್ದನ್ನು ಓದಿದರೆ ಕಣ್ಣಿನ ಚಲನೆಯಲ್ಲೇ ಗೊತ್ತಾಗುತ್ತದೆ. ಕರೆದಾಗ ಸಮಯವಲಯ ನೋಡಿಕೊಳ್ಳಿ.

ಸೀಟು ಬಂದರೆ ಒಪ್ಪಿಗೆಗೆ ಕೊಡುವ ಗಡುವು ಚಿಕ್ಕದು, ಮುಂಗಡ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಹಿನ್ನೆಲೆ ತಪಾಸಣೆ, ಲಸಿಕೆ ದಾಖಲೆ, ಮಾದಕ ವಸ್ತು ಪರೀಕ್ಷೆ ಇರುತ್ತವೆ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಸ್ನಾತಕೋತ್ತರ ಓದಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ) ಸಾಲ ಇಲ್ಲ, ಹಾಗಾಗಿ ಎರಡು ವರ್ಷದ ಖರ್ಚಿನ ಲೆಕ್ಕವನ್ನು ಮುಂಗಡ ಕಟ್ಟುವ ಮೊದಲೇ ಹಾಕಬೇಕು. ವೇಟ್‌ಲಿಸ್ಟ್ ಸಿಕ್ಕರೆ ಅದನ್ನು ನಿರಾಕರಣೆ ಅಂದುಕೊಳ್ಳಬೇಡಿ, ತರಗತಿ ಶುರುವಾಗುವ ವಾರದಲ್ಲೂ ಸೀಟು ಖಾಲಿಯಾಗುವುದುಂಟು. ಕಾಲೇಜು ಹೊಸ ಮಾಹಿತಿ ಸ್ವೀಕರಿಸುತ್ತದೆಯೇ ಎಂದು ಕೇಳಿ, ಸ್ವೀಕರಿಸಿದರೆ ಹೊಸ ಗಂಟೆಗಳನ್ನೂ ಹೊಸ ಅಂಕಗಳನ್ನೂ ಒಂದು ಚಿಕ್ಕ ಇಮೇಲ್‌ನಲ್ಲಿ ಒಮ್ಮೆ ಕಳಿಸಿ.