ನಿಟ್ಟೂರಿಗೆ ಹಳೇ ಫೋರ್‌ವೀಲ್ ಜೀಪಿನಲ್ಲಿ: ಕುಣಿದ ಸ್ಟೇರಿಂಗು, ಜೊತೆಗೆ ಬಂದ ಹಕ್ಕಿ

ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದ ಭಾವನನ್ನು ಊರಿಗೆ ಬಿಟ್ಟು ಬರುವ ನೆಪದಲ್ಲಿ, ಮಳೆ ಹೊಳವಾದ ಮೇಲೆ ಅಕ್ಟೋಬರ್ ಕೊನೆಗೆ ಜೀಪು ತೆಗೆದೆ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ (ಊರಿನ ಹೆಸರೇ ಅದು), ನಿಟ್ಟೂರು. ಅಲ್ಲಿಯವರೆಗೆ ಟಾರು. ಆಮೇಲೆ ಅಕ್ಕನ ಮನೆಗೆ ತೋಟದ ದಾರಿ: ಕೆಂಪು ಮಣ್ಣು, ಎರಡು ಹಳ್ಳ, ಒಂದು ಕಡಿದಾದ ಏರು. ಇದೇ ದಾರಿಗೆ ಹಳೇ ಜೀಪು ತೆಗೆಯುವವರು ಹೊರಡುವ ಹಿಂದಿನ ದಿನ ಅರ್ಧ ಗಂಟೆ ಗಾಡಿ ಕೆಳಗೆ ಮಲಗಿ. ನಾನು ಮಲಗಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿರುವುದು.

ಆಯನೂರು ದಾಟಿ 55ರ ವೇಗದಲ್ಲಿದ್ದೆವು. ಎಡಗಾಲಿ ಒಂದು ಗುಂಡಿಗೆ ಇಳಿದದ್ದೇ ತಡ, ಸ್ಟೇರಿಂಗ್ ಮೈಮೇಲೆ ದೇವರು ಬಂದ ಹಾಗೆ ಕುಣಿಯತೊಡಗಿತು. ಭಾವ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಹೀಗಾದಾಗ ಸ್ಟೇರಿಂಗ್ ಜೊತೆ ಕುಸ್ತಿಗೆ ಇಳಿಯಬೇಡಿ. ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆತ್ತಗೆ ಬ್ರೇಕ್ ಕೊಡಿ. 30ಕ್ಕೆ ಇಳಿದಾಗ ತಾನಾಗಿ ನಿಂತಿತು.

ಹೋದ ವರ್ಷವೂ ಹೀಗೇ ಆಗಿತ್ತು. ಆಗ ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ನಡುಕ ಹೀರುವ ಶಾಕ್ ಅಬ್ಸಾರ್ಬರಿನಂಥದ್ದು) ಹೊಸದು ಹಾಕಿ ಕಳಿಸಿದ್ದರು. ಕೆಲವು ತಿಂಗಳು ಸುಮ್ಮನಿತ್ತು. ಡ್ಯಾಂಪರ್ ಮಾಡುವುದು ಅಷ್ಟೇ, ಸಡಿಲ ಇರುವುದನ್ನು ಮುಚ್ಚಿಡುತ್ತದೆ. ಎರಡೂ ಗಾಲಿಗೆ ಒಂದೇ ಅಖಂಡ ಆಕ್ಸಲ್ ಇರುವ ಗಾಡಿಯ ಮುಂಗಾಲಿ ಹೀಗೆ ನಡುಗುವುದಕ್ಕೆ ಟೈರಾಡ್ ಎಂಡ್ (ಎರಡು ಮುಂಗಾಲಿಗಳನ್ನು ಜೋಡಿಸುವ ರಾಡಿನ ತುದಿಯ ಜಾಯಿಂಟು), ಕಿಂಗ್ ಪಿನ್ (ಗಾಲಿ ಎಡಬಲಕ್ಕೆ ತಿರುಗುವ ಪಿನ್ನು), ವೀಲ್ ಬೇರಿಂಗ್, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯೂ ಬೋಲ್ಟ್ ಸಡಿಲಾದದ್ದು, ಬ್ಯಾಲೆನ್ಸ್ ತಪ್ಪಿದ ಟೈರು ಯಾವುದೂ ಕಾರಣ ಆಗಬಹುದು, ಎಷ್ಟೋ ಸಲ ಎರಡು ಮೂರು ಸೇರಿಯೇ ಇರುತ್ತವೆ.

ರಸ್ತೆ ಬದಿಗೆ ನಿಲ್ಲಿಸಿ, ಗೋಣಿಚೀಲ ಹಾಸಿ ಕೆಳಗೆ ತೂರಿದೆ. ‘ಭಾವ, ಇಂಜಿನ್ ಬಂದ್ ಇರಲಿ. ಸ್ಟೇರಿಂಗ್ ಎರಡು ಇಂಚು ಆಚೆ, ಎರಡು ಇಂಚು ಈಚೆ ಆಡಿಸ್ತಾ ಇರಿ.’ ಸ್ಟೇರಿಂಗ್ ಬಾಕ್ಸಿನಿಂದ ಹೊರಟು ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಎಡಗಡೆ ಟೈರಾಡ್ ಎಂಡಿಗೆ ಬಂದಾಗ ರಾಡು ಮೊದಲು ಸರಿದು, ಗಾಲಿಯ ಕಡೆಯ ತೋಳು ಒಂದು ಕ್ಷಣ ತಡೆದು ‘ಟಕ್’ ಎಂದು ಹಿಂಬಾಲಿಸುತ್ತಿತ್ತು. ರಬ್ಬರ್ ಹರಿದಿತ್ತು, ಒಳಗೆ ಗ್ರೀಸ್ ಇರಬೇಕಾದಲ್ಲಿ ಕೆಮ್ಮಣ್ಣು.

ಒಂದು ಸಿಕ್ಕಿತೆಂದು ಅಲ್ಲಿಗೇ ಬಿಡಬಾರದು. ಗಾಲಿ ಜಾಕ್ ಮೇಲೆ ಎತ್ತಿ, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಟ (ಸಡಿಲ) ಇದ್ದರೆ ಹೆಚ್ಚಾಗಿ ಟೈರಾಡ್ ಕಡೆಯದು. 12 ಮತ್ತು 6ರಲ್ಲಿ ಇದ್ದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್. ಯಾವುದೆಂದು ತಿಳಿಯಲು ಒಳಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತಿತೋ ಬೇರಿಂಗ್, ನಿಲ್ಲಲಿಲ್ಲವೋ ಕಿಂಗ್ ಪಿನ್. ನಮ್ಮದರಲ್ಲಿ ಬೇರಿಂಗೂ ಸ್ವಲ್ಪ ಸಡಿಲ ಇತ್ತು. ಮೆಲ್ಲಗೆ ಹೊಸನಗರ ಮುಟ್ಟಿ ಎಂಡ್ ಬದಲಿಸಿ, ಬೇರಿಂಗ್ ಬಿಗಿ ಮಾಡಿಸಿದೆವು. ಹಳೇ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಕಳಚಿತೆಂದು ಎಣಿಸಿ ಹೊಸದನ್ನೂ ಅಷ್ಟೇ ಸುತ್ತು ಕೂರಿಸಬೇಕು, ಇಲ್ಲವೆಂದರೆ ಅಲೈನ್‌ಮೆಂಟ್ ಪೂರ್ತಿ ಕೆಡುತ್ತದೆ. ನಟ್ಟು ಕಳಚದ ಹಾಗೆ ಸ್ಪ್ಲಿಟ್ ಪಿನ್ ಹಾಕಿದ್ದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ.

ಹೊಸನಗರ ಬಿಟ್ಟ ಮೇಲೆ ಭಾವ ಕೇಳಿದರು: ‘ಎಂಥ ಹಕ್ಕಿ ಮಾರಾಯ ಅದು? ಆವಾಗಿಂದ ನಮ್ಮ ಜೊತೆಗೇ ಬರ್ತಾ ಇದೆ.’ ಚಿಂವ್ ಚಿಂವ್ ಚಿಂವ್. ನಿಧಾನಕ್ಕೆ ಹೋದರೆ ನಿಧಾನ, ಜೋರಾದರೆ ಜೋರು. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟೆ, ಹಕ್ಕಿ ಬಿಡಲಿಲ್ಲ. ಅಂದರೆ ಸದ್ದು ಇಂಜಿನ್ನಿನದಲ್ಲ, ಪ್ರೊಪೆಲರ್ ಶಾಫ್ಟ್ (ಗೇರ್ ಕಡೆಯಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದ ರಾಡು) ಅಥವಾ ಗಾಲಿಯ ಕಡೆಯದು. ಗಾಲಿಗೆ ಕಲ್ಲು ಕೊಟ್ಟು, ಗೇರ್ ಬಿಡಿಸಿ, ಶಾಫ್ಟನ್ನು ಕೈಯಲ್ಲಿ ತಿರುಚಿ ನೋಡಿದರೆ ಹಿಂದಿನ ಕ್ರಾಸ್ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟು) ಒಣಗಿತ್ತು. ಆದರೆ ಆಟ ಇರಲಿಲ್ಲ. ಗ್ರೀಸ್ ಗನ್ನಿನಲ್ಲಿ ನಾಲ್ಕು ಸಲ ಒತ್ತಿದ್ದಕ್ಕೆ ಹಕ್ಕಿ ಹಾರಿಹೋಯಿತು. ಕ್ರಾಸಿನ ಬುಡದಲ್ಲಿ ತುಕ್ಕಿನ ಕೆಂಪು ಪುಡಿ ಕಂಡರೆ, ಮುಂದಕ್ಕೂ ರಿವರ್ಸಿಗೂ ಹಾಕುವಾಗ ‘ಠಣ್’ ಎಂದರೆ ಗ್ರೀಸಿನಿಂದ ಆಗುವುದಿಲ್ಲ, ಬದಲಿಸಲೇಬೇಕು. ಸ್ಪೇರನ್ನು ಶಿವಮೊಗ್ಗದಲ್ಲೇ ಕೊಂಡು ಇಟ್ಟುಕೊಳ್ಳಿ. ನಗರದ ಆಚೆ ನೆಚ್ಚಬೇಡಿ.

ತೋಟದ ದಾರಿಯ ಏರಿನಲ್ಲಿ ಫೋರ್‌ವೀಲ್ ಹಾಕಿದರೂ ಹಿಂಗಾಲಿ ಮಾತ್ರ ಕೆಸರು ಎರಚುತ್ತಿತ್ತು. ಮುಂಗಾಲಿ ಅಲುಗಾಡಲಿಲ್ಲ. ಗೇರ್‌ಬಾಕ್ಸ್ ಹೋಯಿತೆಂದು ಎದೆ ಧಸಕ್ಕೆಂದಿತು. ನೋಡಿದರೆ ಬಲಗಡೆ ಹಬ್ (ಮುಂಗಾಲಿಯನ್ನು ಆಕ್ಸಲ್ಲಿಗೆ ಸೇರಿಸಲು, ಬಿಡಿಸಲು ಕೈಯಲ್ಲಿ ತಿರುಗಿಸುವುದು) ಲಾಕ್ ಆಗಿದೆ, ಎಡಗಡೆಯದು ಫ್ರೀ. ಒಂದೇ ಹಬ್ ಲಾಕ್ ಆದರೆ ಶಕ್ತಿಯೆಲ್ಲ ಆ ಬಿಟ್ಟ ಕಡೆ ಸುಮ್ಮನೆ ಸುತ್ತಿ ಹೋಗುತ್ತದೆ. ಇಳಿದು ತಿರುಗಿಸಿದೆ, ಹತ್ತಿತು. ಆದರೆ ಅಂಗಳದ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದಾಗ ‘ಕಟ ಕಟ ಕಟ’. ಮಾರನೇ ದಿನ ಕೊಡಚಾದ್ರಿಗೆ ನಾವು ಸ್ಥಳೀಯ ಜೀಪು ಹಿಡಿದೆವು (1343 ಮೀಟರ್ ಎತ್ತರದ ಆ ಬೆಟ್ಟದ ದಾರಿಗೆ ನೀವೂ ಅದನ್ನೇ ಮಾಡಿ, ಆ ಕಲ್ಲುಗಳ ಲೆಕ್ಕ ಅವರಿಗೇ ಗೊತ್ತು). ಅದರ ಡ್ರೈವರ್ ನನ್ನ ಗಾಡಿಯನ್ನು ಅಂಗಳದ ಮಣ್ಣಿನಲ್ಲಿ ಎರಡು ಸುತ್ತು ಹೊಡೆಸಿದ, ಒಂದು ಸುತ್ತು ಎರಡೂ ಹಬ್ ಲಾಕ್ ಮಾಡಿ ಫೋರ್‌ವೀಲಿನಲ್ಲಿ, ಇನ್ನೊಂದು ಸುತ್ತು ಎರಡೂ ಹಬ್ ಬಿಟ್ಟು ಟೂವೀಲಿನಲ್ಲಿ. ಎರಡನೆಯದರಲ್ಲಿ ಸದ್ದಿಲ್ಲ. ‘ಬೇರಿಂಗ್ ಅಲ್ಲ ಸಾರ್, ಒಳಗಿನ ಆಕ್ಸಲ್ ಜಾಯಿಂಟು. ಟೂವೀಲಲ್ಲಿ ಊರಿಗೆ ಹೋಗಿ, ಆಮೇಲೆ ಬಿಚ್ಚಿಸಿ’ ಅಂದ.

ಅವನ ಮಾತು ಕೇಳಿಯೂ ವಾಪಸ್ಸು ಬರುವಾಗ ತೋಟದ ದಾರಿಯ ಕೆಸರಿಗೆ ಫೋರ್‌ವೀಲ್ ಹಾಕಬೇಕಾಯಿತು. ಹಾಕಿದ್ದು ಟಾರು ಸಿಕ್ಕ ಮೇಲೆ ತೆಗೆಯಲು ಮರೆತೆ. ನಗರದ ಹತ್ತಿರದ ತಿರುವುಗಳಲ್ಲಿ ಸ್ಟೇರಿಂಗ್ ಕಲ್ಲಿನ ಹಾಗೆ ಭಾರ, ಗಾಡಿಯನ್ನು ಯಾರೋ ಹಿಂದಿನಿಂದ ಎಳೆದ ಹಾಗೆ. ಫೋರ್‌ವೀಲಿನ ಲಿವರ್ ಹಿಂದಕ್ಕೆ ಬರುವುದಿಲ್ಲ. ತಿರುವಿನಲ್ಲಿ ಮುಂಗಾಲಿಗಳಿಗೆ ಹಿಂಗಾಲಿಗಳಿಗಿಂತ ಹೆಚ್ಚು ದೂರ ಓಡಬೇಕು. ನಮ್ಮ ಜೀಪಿನಂಥದ್ದರಲ್ಲಿ ಎರಡೂ ಆಕ್ಸಲ್ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಕೆಸರಿನಲ್ಲಿ ಗಾಲಿ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಒಣ ಟಾರಿನಲ್ಲಿ ಜಾರುವುದಿಲ್ಲ, ಬಿಗಿತ ಶಾಫ್ಟುಗಳಲ್ಲೇ ಉಳಿಯುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಇದ್ದರೆ ನೇರ ದಾರಿಯಲ್ಲೂ ಇದೇ ಕಥೆ. ಸ್ಟೇರಿಂಗ್ ಬಾಕ್ಸ್ ಬಿಚ್ಚಿಸಲು ಓಡಬೇಡಿ. ನೇರಕ್ಕೆ ಐದಾರು ಮೀಟರ್ ರಿವರ್ಸ್ ತೆಗೆದು, ಲಿವರಿಗೆ ಮೆಲ್ಲನೆ ಕೈಯಿಟ್ಟೆ. ‘ಟಳಕ್’ ಎಂದು ಬಂತು.

ಮನೆಗೆ ಬಂದ ದಿನವೇ ಎರಡೂ ಆಕ್ಸಲ್ಲಿನ ಆಯಿಲ್ ಹಾಕುವ ಪ್ಲಗ್ ಬಿಚ್ಚಿ ಬೆರಳದ್ದಿದೆ. ಓಡಿ ಕಾದ ಆಕ್ಸಲ್ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಆಡುವ ಕಿಂಡಿ) ಕಟ್ಟಿದ್ದರೆ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಹಿಂದಿನದು ಸರಿ ಇತ್ತು. ಮುಂದಿನದರಲ್ಲಿ ಬೆರಳಿಗೆ ಬಂದದ್ದು ಹಾಲು ಹಾಕಿದ ಚಹಾ ಬಣ್ಣ. ಬಸಿದು ಹೊಸ 90ರ ಗೇರ್ ಆಯಿಲ್ ಹಾಕಿ, ಬ್ರೀದರ್ ತೊಳೆದೆ. ಎರಡು ವಾರ ಓಡಿಸಿ ಮತ್ತೆ ಬಸಿಯಬೇಕು. ಆಕ್ಸಲ್ ಜಾಯಿಂಟನ್ನೂ ಅವತ್ತೇ ಬಿಚ್ಚಿಸುತ್ತೇನೆ.