ಹರಾಜಿನ ನಡುವೆ ಬರುವ ಖಾಸಗಿ ಬೇಡಿಕೆಗಳು

ಹಳೆಯ ಎಚ್‌ಎಂಟಿ ಕೈಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ, ಈಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜಿಗಿಡುವುದು ನನ್ನ ಕೆಲಸ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಗಡಿಯಾರಗಳ ತಯಾರಿಕೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಜನತಾ, ಪೈಲಟ್, ಸೋನಾ ಮಾದರಿಗಳನ್ನು ಕೇಳುವವರು ಹೊರದೇಶಗಳಲ್ಲಿಯೂ ಇದ್ದಾರೆ. ಈಬೇಯ ಭಾರತೀಯ ತಾಣ 2018ರಲ್ಲಿ ನಿಂತುಹೋದರೂ ಇಲ್ಲಿಂದ ಅವರಿಗೆ ಮಾರುವುದಕ್ಕೆ ಅಡ್ಡಿಯಾಗಲಿಲ್ಲ.

ಹರಾಜು ಶುರುವಾಗಿ ಎರಡು ದಿನ ಕಳೆಯುವಷ್ಟರಲ್ಲಿ ಒಂದು ಸಂದೇಶ ಬರುತ್ತದೆ: ಇಷ್ಟು ಕೊಡುತ್ತೇನೆ, ಇಂದೇ ಮುಗಿಸಿಬಿಡಿ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿಯೇ ಮಾಲು ಕೊಳ್ಳುವ ನನಗೆ ಮೊದಮೊದಲು ಇದರಲ್ಲಿ ತಪ್ಪೇನೂ ಕಾಣಿಸಲಿಲ್ಲ.

ಕಪ್ಪು ಡಯಲ್‌ನ ಒಂದು ಪೈಲಟ್ ಗಡಿಯಾರವನ್ನು 20 ಡಾಲರ್‌ಗೆ ಆರಂಭಿಸಿ ಏಳು ದಿನಗಳ ಹರಾಜಿಗೆ ಇಟ್ಟಿದ್ದೆ. ಮೂರನೆಯ ದಿನಕ್ಕೆ ಮೂವರು ಕೂಗಿ ಬೆಲೆ 31 ಡಾಲರ್‌ಗೆ ಏರಿದ್ದಾಗ, ಬಿಡ್ಡನ್ನೇ ಹಾಕದ ಒಬ್ಬರು 70 ಡಾಲರ್ ಕೊಡುವುದಾಗಿ ಬರೆದರು. ಹಣದ ಆಸೆಗೆ ನಾನು ಮೂವರ ಬಿಡ್ಡುಗಳನ್ನೂ ರದ್ದು ಮಾಡಿ, ವಸ್ತು ಲಭ್ಯವಿಲ್ಲವೆಂಬ ಸುಳ್ಳು ಕಾರಣ ಕೊಟ್ಟು ಹರಾಜನ್ನು ಮುಗಿಸಿದೆ. ಅನಂತರ ಆ ಗಿರಾಕಿಯ ಮಾತು ಒಂದೊಂದಾಗಿ ಬದಲಾಯಿತು. ಪೇಪಾಲ್‌ನಲ್ಲಿ ಸ್ನೇಹಿತರಿಗೆ ಕಳುಹಿಸುವ ಹಣದ ಹಾಗೆ ಕಳುಹಿಸುತ್ತೇನೆ ಎಂದರು. ಭಾರತದ ಖಾತೆಗೆ ಹಾಗೆ ವೈಯಕ್ತಿಕ ಹಣ ಪಡೆಯಲು ಅವಕಾಶವೇ ಇಲ್ಲ. ಸುಂಕ ಉಳಿಸಲು ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆದು ಬೆಲೆ 10 ಡಾಲರ್ ಎಂದು ತೋರಿಸಿ ಎಂದರು. ನಾನು ಒಪ್ಪದಿದ್ದಾಗ 60ಕ್ಕೆ ಇಳಿದರು, ಆಮೇಲೆ ಸುಮ್ಮನಾದರು. ಈಬೇಯ ಹೊರಗೆ ನಡೆದ ಮಾತಾದ್ದರಿಂದ ಅದನ್ನು ದೂರುವುದಕ್ಕೂ ನನಗೆ ಮುಖವಿರಲಿಲ್ಲ.

ಅದೇ ಗಡಿಯಾರವನ್ನು ಮತ್ತೆ ಹರಾಜಿಗಿಟ್ಟಾಗ 44 ಡಾಲರ್ ಬಂತು. ನಷ್ಟ ಇದ್ದದ್ದು ಈ ಲೆಕ್ಕದಲ್ಲಲ್ಲ. ಮೊದಲ ಹರಾಜಿನಲ್ಲಿ ಮುಂದಿದ್ದವರು, ಅದಕ್ಕೂ ಮೊದಲು ನನ್ನಿಂದ ನಾಲ್ಕು ಗಡಿಯಾರ ಕೊಂಡಿದ್ದವರು, ಏನಾಯಿತೆಂದು ಬಹಳ ಸೌಜನ್ಯದಿಂದ ಕೇಳಿದ್ದರು. ನಾನು ಹಾರಿಕೆಯ ಉತ್ತರ ಕೊಟ್ಟೆ. ವಾರದೊಳಗೆ ಅದೇ ಚಿತ್ರಗಳೊಡನೆ ಅದೇ ಗಡಿಯಾರ ಮರಳಿ ಬಂದದ್ದನ್ನು ಅವರು ನೋಡದೆ ಇರಲಾರರು. ಆಮೇಲೆ ಅವರು ನನ್ನ ಯಾವ ಹರಾಜಿನಲ್ಲೂ ಕೂಗಲಿಲ್ಲ.

ಅಂದಿನಿಂದ, ಉಳಿದ ಬಿಡ್ಡುದಾರರೆಲ್ಲರೂ ಓದುತ್ತಿದ್ದಾರೆ ಎಂದುಕೊಂಡೇ ಪ್ರತಿ ಸಂದೇಶಕ್ಕೂ ಉತ್ತರ ಬರೆಯುತ್ತೇನೆ. "ನಿಮ್ಮ ಆಸಕ್ತಿಗೆ ಕೃತಜ್ಞತೆಗಳು. ಹರಾಜು ನಿಗದಿಯಾದ ಸಮಯದವರೆಗೆ ನಡೆಯುತ್ತದೆ. ನೀವು ಹೇಳಿದ ಮೊತ್ತವನ್ನೇ ಗರಿಷ್ಠ ಬಿಡ್ ಆಗಿ ಹಾಕಿದರೆ, ಇತರರು ಏರಿಸಿದಷ್ಟೇ ನಿಮ್ಮದೂ ಏರುತ್ತದೆ" ಎಂಬ ಮೂರು ವಾಕ್ಯಗಳು ಸಾಕು. ಸಿಟ್ಟು ತೋರಿಸುವುದಿಲ್ಲ, ನಿಯಮದ ಪಾಠವನ್ನೂ ಹೇಳುವುದಿಲ್ಲ, ಏಕೆಂದರೆ ಕೇಳಿದವರಲ್ಲಿ ಹೆಚ್ಚಿನವರು ಕಳ್ಳರಲ್ಲ, ತಾಳ್ಮೆಯಿಲ್ಲದವರು. ಕೊನೆಯ ಬೆಲೆ ಎಷ್ಟೆಂದು ಕೇಳುವವರಿಗೂ ಇದೇ ಉತ್ತರ. ಸೋತವರು ಇನ್ನೊಂದಿದ್ದರೆ ನನಗೇ ಕೊಡಿ ಎಂದರೆ, ಮುಂದಿನ ಬಿಡ್ಡುದಾರನಿಗೆ ಅವನದೇ ಬೆಲೆಗೆ ಕೊಡುವ ಅಧಿಕೃತ ದಾರಿ ಈಬೇಯಲ್ಲಿಯೇ ಇದೆ.

ಸಂದೇಶದಲ್ಲಿ ನನಗೆ ಉಪಯೋಗವಾಗುವ ಸಂಗತಿಯೂ ಇರುತ್ತದೆ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವವರು ತುಂಬಿರುವ ಈ ವ್ಯಾಪಾರದಲ್ಲಿ, ಒಬ್ಬರು ಬಂದು ಬೇಗ ಮುಗಿಸಿ ಎಂದು ಒತ್ತಾಯಿಸಿದರೆ, ಡಯಲ್ ಮೂಲದ್ದೆಂದು ಅವರು ಗುರುತಿಸಿದ್ದಾರೆ ಎಂದು ಬಹಳ ಸಲ ಅರ್ಥ. ಆಗ ನಾನು ಗಡಿಯಾರವನ್ನು ಇನ್ನೊಮ್ಮೆ ನೋಡಿ, ಡಯಲ್‌ನ ಅಂಚು ಮತ್ತು ಯಂತ್ರವನ್ನು ಹತ್ತಿರದಿಂದ ತೆಗೆದ ಚಿತ್ರಗಳನ್ನು ಎಲ್ಲರಿಗೂ ಕಾಣುವಂತೆ ಸೇರಿಸುತ್ತೇನೆ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಹರಾಜು ಶುರುವಾಗುವ ಮೊದಲೇ ಆಗಬೇಕಿತ್ತು. ಗಮನ ಸೆಳೆಯಲೆಂದು ತೀರಾ ಕಡಿಮೆ ಬೆಲೆಗೆ ಆರಂಭಿಸಿ, ಆಮೇಲೆ ಹೆದರಿ ರಾತ್ರಿಯೆಲ್ಲಾ ಪರದೆ ನೋಡುತ್ತಾ ಕೂರುವವನಿಗೆ ಯಾವ ಖಾಸಗಿ ಮೊತ್ತವೂ ದೊಡ್ಡದಾಗಿಯೇ ಕಾಣುತ್ತದೆ. ಈಗ ನಾನು ಒಬ್ಬರೇ ಕೂಗಿದರೂ ಬೇಸರವಾಗದಷ್ಟು ಬೆಲೆಗೆ ಆರಂಭಿಸುತ್ತೇನೆ. ಆತುರದವರಿಗಾಗಿ ಕೂಡಲೇ ಕೊಳ್ಳುವ ಬೆಲೆಯನ್ನೂ ನಮೂದಿಸುತ್ತೇನೆ. ಮೊದಲ ಬಿಡ್ ಬಿದ್ದೊಡನೆ ಆ ಅವಕಾಶ ಸಾಮಾನ್ಯವಾಗಿ ಮಾಯವಾಗುವುದರಿಂದ, ತಡವಾಗಿ ಬಂದವರಿಗೆ ಇಲ್ಲ ಎನ್ನುವುದೂ ಸುಲಭ.

ಕಳೆದ ತಿಂಗಳು ಒಂದು ಕಾಂಚನ್ ಗಡಿಯಾರಕ್ಕೆ 50 ಡಾಲರ್ ಕೊಡುವುದಾಗಿ ಒಬ್ಬರು ಬರೆದಿದ್ದರು. ಅದೇ ಮೂರು ವಾಕ್ಯಗಳನ್ನು ಕಳುಹಿಸಿದೆ. ಅವರು ಬಿಡ್ ಹಾಕಲೇ ಇಲ್ಲ, ಹರಾಜು 38ಕ್ಕೆ ನಿಂತಿತು. ಮರುದಿನ ಬೆಳಿಗ್ಗೆ ಗೆದ್ದವರ ವಿಳಾಸ ಬರೆದು, ಬೆಲೆಯ ಕಡೆ 38 ಎಂದೇ ತುಂಬಿ, ಪೊಟ್ಟಣವನ್ನು ಅಂಚೆ ಕಚೇರಿಗೆ ಕೊಟ್ಟು ಬಂದೆ.