ನಮ್ಮ ಲ್ಯಾಬಿನಲ್ಲಿ ಮಾತ್ರ ಓದಲು ಬಂದ ಕನ್ನಡ

ಒಂಬತ್ತನೆಯ ತರಗತಿಯವರಿಗೆ ವೆಬ್ ಪುಟ ಮಾಡುವುದನ್ನು ಕಲಿಸುವವರು ಟ್ಯಾಗುಗಳಿಂದ, ಅಂದರೆ ಪುಟದಲ್ಲಿ ಏನು ಹೇಗೆ ಕಾಣಬೇಕೆಂದು ಬ್ರೌಸರಿಗೆ ಹೇಳುವ ಗುರುತುಗಳಿಂದ, ಶುರು ಮಾಡಬಾರದು. ಯಾವ ತರಬೇತಿಗೆ ಹೋದರೂ ನಾನು ಈ ಮಾತನ್ನು ಎದ್ದು ನಿಂತು ಹೇಳುತ್ತೇನೆ. ಪಠ್ಯಪುಸ್ತಕ ಶುರುವಾಗುವುದೇ ಟ್ಯಾಗುಗಳಿಂದ, ಆದ್ದರಿಂದ ಬೇರೆ ದಾರಿಯಿಲ್ಲ ಎನ್ನುವವರು ನಮ್ಮ ಶಾಲೆಯ ಮಕ್ಕಳು ‘ಸಮುದಾಯದತ್ತ ಶಾಲೆ’ ದಿನ ಪಟ್ಟ ಪಾಡನ್ನು ಕೇಳಲಿ.

ಮಕ್ಕಳು ಊರ ಕೆರೆಯ ಬಗ್ಗೆ ಒಂದು ಪುಟ ಮಾಡಿದ್ದರು. ಅಜ್ಜ ಅಜ್ಜಿಯರನ್ನು ಕೇಳಿ ತೂಬು ಎಲ್ಲಿತ್ತು, ಕೋಡಿ ಬಿದ್ದಾಗ ನೀರು ಎತ್ತ ಹರಿಯುತ್ತಿತ್ತು, ಏರಿಯ ಮೇಲಿನ ಗುಡಿಯಲ್ಲಿ ಯಾವಾಗ ಪೂಜೆ ನಡೆಯುತ್ತಿತ್ತು ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಬರಹ ಉದ್ದವಾಗಿತ್ತು, ಲ್ಯಾಬಿನ ಪಿರಿಯಡ್ಡು ಚಿಕ್ಕದು. ಕಚೇರಿಯ ಗುಮಾಸ್ತರಾದ ಎಸ್‌ಡಿಎ ಅವರು ತಾವಾಗಿಯೇ ಮುಂದೆ ಬಂದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟರು. ಮಕ್ಕಳು ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿದರು. ಅಕ್ಷರ ಕೆಟ್ಟು ಕಾಣಿಸಿತು, ಫಾಂಟ್ ಬದಲಿಸಿದರು, ಸರಿಹೋಯಿತು. ಬ್ರೌಸರಿನಲ್ಲಿಯೂ ಕೆಟ್ಟು ಕಾಣಿಸಿತು. ಪುಸ್ತಕದಲ್ಲಿ ಫಾಂಟ್ ಟ್ಯಾಗ್ ಇತ್ತಲ್ಲ, ಅದರಲ್ಲಿ ನುಡಿ ಫಾಂಟಿನ ಹೆಸರು ಬರೆದರು, ಅಲ್ಲಿಯೂ ಸರಿಹೋಯಿತು. ಲ್ಯಾಬಿನ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಚೆಂದವಾಗಿ ಬರುತ್ತಿತ್ತು.

ಕಾರ್ಯಕ್ರಮ ನಡೆದದ್ದು ಸಭಾಂಗಣದಲ್ಲಿ. ಪ್ರೊಜೆಕ್ಟರಿಗೆ ಜೋಡಿಸಿದ್ದು ಬಿಆರ್‌ಸಿಯಿಂದ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ, ಬಂದ ಲ್ಯಾಪ್‌ಟಾಪ್. ಮುಂದಿನ ಸಾಲಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ ಸಾಹೇಬರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು, ಹಿಂದೆ ತಂದೆ ತಾಯಂದಿರು. ಮುಖ್ಯೋಪಾಧ್ಯಾಯರು ಮೈಕಿನಲ್ಲಿ ಮಕ್ಕಳ ಹೆಸರು ಹೇಳಿದರು, ಹುಡುಗನೊಬ್ಬ ಬಂದು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದ. ‘ನಮ್ಮೂರ ಕೆರೆ’ ಎಂದು ದೊಡ್ಡದಾಗಿ ಬರಬೇಕಾದ ಜಾಗದಲ್ಲಿ ಪೌಂಡ್ ಚಿಹ್ನೆಯೊಂದು ಬಂದು ಕೂತಿತು. ಅದರ ಹಿಂದೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ‘ಕೆರೆ’ ಎಂಬ ಎರಡಕ್ಷರದ ಪದ ದೊಡ್ಡ ಪಿ, ಗೀಟಿನ ಇ, ಚಿಕ್ಕ ಜಿ, ಮತ್ತೆ ಗೀಟಿನ ಇ ಎಂದು ನಾಲ್ಕಾಗಿ ಒಡೆದಿತ್ತು. ಚಿತ್ರಗಳ ಜಾಗದಲ್ಲಿ ಖಾಲಿ ಚೌಕಗಳು.

ಪೆನ್ ಡ್ರೈವಿನಲ್ಲಿ ವೈರಸ್ ಇರಬೇಕು ಎಂದು ನನಗೆ ಅನಿಸಿತು. ಬೇರೆ ಬ್ರೌಸರಿನಲ್ಲಿ ತೆರೆಸಿದೆ, ಅದೇ ಸಾಲು. ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ತೆರೆಸಿದೆ, ಮತ್ತೆ ಅದೇ. ಎಸ್‌ಡಿಎಂಸಿಯ ಹಿರಿಯರೊಬ್ಬರು, “ಮೇಷ್ಟ್ರೇ, ಇದು ಯಾವ ಭಾಷೆ?” ಎಂದು ಕೇಳಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಕೆರೆಯ ಕಥೆಯಲ್ಲಿ ಅರ್ಧದಷ್ಟನ್ನು ಮಕ್ಕಳಿಗೆ ಹೇಳಿದವರೇ ಅವರು, ಅದನ್ನು ಪರದೆಯ ಮೇಲೆ ಓದಬೇಕೆಂದು ಕನ್ನಡಕ ಒರೆಸಿಕೊಂಡು ಕೂತಿದ್ದರು. ವೇದಿಕೆಯ ಮೇಲಿದ್ದ ಹುಡುಗ ಮೌಸ್ ಬಿಟ್ಟು ಕೈಕಟ್ಟಿ ನಿಂತುಬಿಟ್ಟ.

ಆಗ ಅದೇ ಗುಂಪಿನ ಹುಡುಗಿ ನನ್ನ ಪಕ್ಕಕ್ಕೆ ಬಂದಳು. “ಸರ್, ಈ ಲ್ಯಾಪ್‌ಟಾಪಿನಲ್ಲಿ ನುಡಿ ಇಲ್ಲ. ಲ್ಯಾಬಿನಲ್ಲಿಯೂ ಟ್ಯಾಬಿನ ಮೇಲಿನ ಹೆಸರು ಹೀಗೆಯೇ ಬರುತ್ತಿತ್ತು. ಅದಕ್ಕೇ ನಾವು ಟೈಟಲ್ಲನ್ನು ಇಂಗ್ಲಿಷಿನಲ್ಲಿ ಬರೆದದ್ದು.”

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಟೈಟಲ್ ಟ್ಯಾಗಿನ ಒಳಗೆ ಫಾಂಟ್ ಟ್ಯಾಗ್ ಕೆಲಸ ಮಾಡುವುದಿಲ್ಲ. ಅಲ್ಲಿ ಬ್ರೌಸರ್ ತನ್ನದೇ ಅಕ್ಷರ ಬಳಸುತ್ತದೆ, ಆದ್ದರಿಂದ ಫೈಲಿನಲ್ಲಿ ನಿಜವಾಗಿ ಏನಿದೆಯೋ ಅದೇ ಕಾಣಿಸುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಇರುವುದು ಕನ್ನಡವಲ್ಲ. ಪೌಂಡ್, ಪಿ, ಜಿ ಇವೇ ಇರುತ್ತವೆ. ಫಾಂಟ್ ಅವುಗಳಿಗೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ದೋಷ ನುಡಿಯದಲ್ಲ. ಅದೇ ನುಡಿಯಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆಯಲ್ಲಿ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಆಯ್ಕೆ ಮಾಡಿಕೊಂಡು ಟೈಪ್ ಮಾಡಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. 1991ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ಸಿಕ್ಕಿದೆ. ಇಷ್ಟು ವರ್ಷಗಳ ಮೇಲೂ ಎಷ್ಟೋ ಕಚೇರಿಗಳು ಹಳೆಯ ಫಾಂಟನ್ನೇ ಹಿಡಿದು ಕೂತಿರುವುದು ನನಗೆ ಸಿಟ್ಟು ತರಿಸುತ್ತದೆ.

ಲ್ಯಾಪ್‌ಟಾಪಿಗೆ ನುಡಿ ಹಾಕೋಣವೆಂದರೆ ಅದು ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಕೋಲಾಟದವರನ್ನು ಮುಂದಕ್ಕೆ ಕರೆದರು. ಹುಡುಗಿ ಮತ್ತು ಅವಳ ಗೆಳತಿ ಪೆನ್ ಡ್ರೈವ್ ಹಿಡಿದು ಲ್ಯಾಬಿಗೆ ಓಡಿದರು, ಹಿಂದೆಯೇ ನಾನು. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಬರಹವನ್ನು ಯೂನಿಕೋಡಿಗೆ ತಂದು, ಫಾಂಟ್ ಟ್ಯಾಗುಗಳನ್ನು ಕಿತ್ತು, ಯೂನಿಕೋಡ್ ಬರಹವನ್ನು ಉಳಿಸುವ ರೂಪವಾದ ಯುಟಿಎಫ್-8 ಎಂದು ಆರಿಸಿ ಸೇವ್ ಮಾಡಿದರು. ಲ್ಯಾಬಿನ ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಆ ಹೊತ್ತಿನಲ್ಲಿ ಕರೆಂಟ್ ಹೋಗಿದ್ದರೆ ಮಾಡಿದ್ದೆಲ್ಲ ನೀರುಪಾಲಾಗುತ್ತಿತ್ತು. ಚಿತ್ರಗಳ ಕಾರಣವೂ ಅಲ್ಲಿಯೇ ತಿಳಿಯಿತು. ಇಮೇಜ್ ಟ್ಯಾಗಿನಲ್ಲಿ ಲ್ಯಾಬಿನ ಕಂಪ್ಯೂಟರಿನ ಡಿ ಡ್ರೈವಿನ ಪೂರ್ತಿ ವಿಳಾಸ ಬರೆದಿದ್ದರು. ಚಿತ್ರಗಳನ್ನು ಪುಟವಿರುವ ಫೋಲ್ಡರಿಗೇ ಹಾಕಿ, ಟ್ಯಾಗಿನಲ್ಲಿ ಬರೀ ಫೈಲಿನ ಹೆಸರು ಉಳಿಸಿದರು. ಕೋಲಾಟ ಮುಗಿಯುವುದರೊಳಗೆ ಸಭಾಂಗಣದಲ್ಲಿ ಪುಟ ತೆರೆದುಕೊಂಡಿತು. ಹಿರಿಯರು ಎದ್ದು ಪರದೆಯ ಹತ್ತಿರ ಹೋಗಿ ಕೋಡಿಯ ಭಾಗವನ್ನು ಗಟ್ಟಿಯಾಗಿ ಓದಿದರು. ಒಂದು ಕಡೆ, “ಇದು ಹೀಗಲ್ಲ, ಕೋಡಿ ಇದ್ದದ್ದು ಮೂಡಲ ದಿಕ್ಕಿಗೆ” ಎಂದು ತಿದ್ದಿದರು. ಹುಡುಗಿ ಅಲ್ಲಿಯೇ ತಿದ್ದಿ, ಸೇವ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಿ ತೋರಿಸಿದಳು. ವೆಬ್ ಪುಟವೆಂದರೆ ಏನು ಎಂಬುದನ್ನು ನಾನು ಅದಕ್ಕಿಂತ ಚೆನ್ನಾಗಿ ಯಾವ ಪಿರಿಯಡ್ಡಿನಲ್ಲಿಯೂ ತೋರಿಸಿಲ್ಲ.

ಈಗ ನನ್ನ ಮೊದಲ ಪಾಠ ಫೈಲ್. ಈ ಮಕ್ಕಳು ಮೊಬೈಲಿನಲ್ಲಿ ವಿಡಿಯೋ ಕತ್ತರಿಸಿ ಹಾಡು ಜೋಡಿಸುತ್ತಾರೆ, ಆದರೆ ಆ ವಿಡಿಯೋ ಎಲ್ಲಿದೆ ಎಂದು ಕೇಳಿದರೆ ‘ಗ್ಯಾಲರಿಯಲ್ಲಿ’ ಎನ್ನುತ್ತಾರೆ. ಫೋಲ್ಡರಿನ ಒಳಗೆ ಫೋಲ್ಡರ್ ಇರುವುದನ್ನು ಮೊಬೈಲ್ ಅವರಿಗೆ ತೋರಿಸಿಯೇ ಇಲ್ಲ. ವಿಂಡೋಸ್ ಫೈಲಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ನನ್ನು, ಮುಚ್ಚಿಡುತ್ತದೆ. ಹಾಗಾಗಿ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಎಂದು ಬಾಲವಿಟ್ಟ ಫೈಲಿನ ಕೊನೆಗೆ ನೋಟ್‌ಪ್ಯಾಡ್ ಸದ್ದಿಲ್ಲದೆ ಟಿಎಕ್ಸ್‌ಟಿ ಸೇರಿಸಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಮಗು ಕ್ಲಿಕ್ ಮಾಡಿದಾಗ ಪುಟದ ಬದಲು ಟ್ಯಾಗುಗಳೇ ಕಾಣಿಸುತ್ತವೆ. ವರ್ಷದ ಆರಂಭದಲ್ಲಿ ಎಲ್ಲ ಕಂಪ್ಯೂಟರುಗಳಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡುತ್ತೇನೆ. ಹೆಸರಿನಲ್ಲಿ ಚಿಕ್ಕ ಇಂಗ್ಲಿಷ್ ಅಕ್ಷರ ಮಾತ್ರ, ನಡುವೆ ಜಾಗ ಬಿಡಬಾರದು ಎಂಬ ನಿಯಮವೂ ಇದೆ. ವಿಂಡೋಸಿಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಫೈಲುಗಳು.

ಯೂನಿಕೋಡನ್ನು ಸ್ಪ್ರೆಡ್‌ಶೀಟಿನಲ್ಲಿ ಕಲಿಸುವುದು ಇನ್ನೂ ಸುಲಭ. ಕ್ಯಾಲ್ಕಿನಲ್ಲಿ ತರಗತಿಯ ಹೆಸರುಗಳನ್ನು ಹಳೆಯ ನುಡಿಯಲ್ಲಿ ಟೈಪ್ ಮಾಡಿಸಿ ಸಾರ್ಟ್ ಒತ್ತಲು ಹೇಳುತ್ತೇನೆ. ರವಿ ಕಮಲಾಳಿಗಿಂತ ಮುಂದೆ ಬಂದು ನಿಲ್ಲುತ್ತಾನೆ, ಏಕೆಂದರೆ ಯಂತ್ರಕ್ಕೆ ಅವನು ಜಿ, ಅವಳು ಪಿ. ಮಂಜುನಾಥ ಮತ್ತು ವನಜಾ ಒಂದೇ ಗುಂಪಿಗೆ ಸೇರುತ್ತಾರೆ, ಏಕೆಂದರೆ ಆ ಫಾಂಟಿನಲ್ಲಿ ಮಕಾರವೆಂದರೆ ವಕಾರಕ್ಕೆ ಒಂದು ಬಾಲ. ಅದೇ ಪಟ್ಟಿಯನ್ನು ಯೂನಿಕೋಡಿನಲ್ಲಿ ಸಾರ್ಟ್ ಮಾಡಿದರೆ ಅಕಾರಾದಿ ತಾನಾಗಿ ಬರುತ್ತದೆ. ತಮ್ಮದೇ ಹೆಸರು ಜಾಗ ಬದಲಿಸುವುದನ್ನು ನೋಡಿದ ಮೇಲೆ ಮಕ್ಕಳು ಅದನ್ನು ಮರೆಯುವುದಿಲ್ಲ.

ಇಷ್ಟಕ್ಕೂ ಸಮಯ ಬೇಕು. ಲ್ಯಾಬ್ ಪಿರಿಯಡ್ ಬಂದಾಗಲೇ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಾಣದ ಎಂಟ್ರಿಗೆ ಕರೆ ಬರುತ್ತದೆ. ಕಂಪ್ಯೂಟರ್ ಗೊತ್ತಿರುವ ಮೇಷ್ಟ್ರು ಎಂದರೆ ಡೇಟಾ ಎಂಟ್ರಿಯವನು ಎಂದೇ ಲೆಕ್ಕ. ಫಾಂಟ್ ಟ್ಯಾಗನ್ನು 1999ರ ಎಚ್‌ಟಿಎಂಎಲ್ 4.01ರಲ್ಲಿಯೇ ಬಳಸಬೇಡಿ ಎನ್ನಲಾಗಿತ್ತು, 2014ರ ಎಚ್‌ಟಿಎಂಎಲ್ 5ರಲ್ಲಿ ಅದಕ್ಕೆ ಜಾಗವೇ ಇಲ್ಲ. ನಮ್ಮ ಪುಸ್ತಕದಲ್ಲಿ ಇದೆ, ಪ್ರಶ್ನೆಯಾಗಿಯೂ ಬರುತ್ತದೆ. ಅಂಕ ಬಿಡಿ ಎಂದು ಮಕ್ಕಳಿಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಪರೀಕ್ಷೆಗೆಂದು ಕೊನೆಯ ವಾರದಲ್ಲಿ ಅದನ್ನು ಹೇಳಿಕೊಡುತ್ತೇನೆ, ಬಣ್ಣ ಮತ್ತು ಗಾತ್ರಕ್ಕೆ ಮೊದಲಿನಿಂದಲೇ ಸಿಎಸ್‌ಎಸ್ ಬಳಸಿಸುತ್ತೇನೆ.

ಎಸ್‌ಡಿಎ ಅವರು ಈಗ ಯೂನಿಕೋಡಿನಲ್ಲಿಯೇ ಟೈಪ್ ಮಾಡುತ್ತಾರೆ, ಮುದ್ರಣಾಲಯಕ್ಕೆ ಕಳಿಸುವ ಆಮಂತ್ರಣ ಪತ್ರಿಕೆಯೊಂದನ್ನು ಬಿಟ್ಟು. ಕಚೇರಿಯ ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸವನ್ನು ಆ ಗುಂಪಿನವರೇ, ಈಗ ಹತ್ತನೆಯ ತರಗತಿಯವರು, ಶನಿವಾರಗಳಂದು ಮಾಡುತ್ತಿದ್ದಾರೆ. ಅರ್ಕಾವತ್ತು ಬರುವ ಕಡೆ ಪರಿವರ್ತಕ ಆಗಾಗ ಎಡವುತ್ತದೆ, ಆದ್ದರಿಂದ ಒಬ್ಬರು ಮೂಲವನ್ನು ಓದಿ ಹೇಳುತ್ತಾರೆ, ಇನ್ನೊಬ್ಬರು ಪರದೆ ನೋಡಿ ತಿದ್ದುತ್ತಾರೆ. ದಾಖಲಾತಿ ಪಟ್ಟಿಗಳು ಮುಗಿದಿವೆ. ಎಸ್‌ಡಿಎಂಸಿ ನಡಾವಳಿಗಳು ಇನ್ನೂ ಬಾಕಿ ಇವೆ.